‘ನಿಮ್ಮಂಥವರನ್ನು ಏನೆಂದು ಕರೆಯಬೇಕು?’

ಪೋಲಿಯೊ ತಗುಲಿದ ಕಾಲಿಗೆ ಆಸರೆಯಾಗಿ ಕ್ಯಾಲಿಪರ್ ತೊಟ್ಟು, ಊರುಗೋಲು ಹಿಡಿದು ನಡೆಯುವವನು ನಾನು. ಹೊಸದಾಗಿ ಪರಿಚಯವಾದವರು, ಅದರಲ್ಲೂ ಮೇಷ್ಟ್ರುಗಳು ಮತ್ತು ಪತ್ರಕರ್ತರು, ಸಂಕೋಚಪಡುತ್ತಲೇ ಕೇಳುತ್ತಾರೆ: ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ, ಇವುಗಳಲ್ಲಿ ಯಾವುದು ಸರಿ?

ಅರ್ಜಿ ತುಂಬುವಾಗ ‘ವಿಕಲಚೇತನ’ ಎಂದು ಬರೆಯಿರಿ. ರಾಜ್ಯದ ಇಲಾಖೆಯ ಹೆಸರಿನಲ್ಲೇ ಅದಿದೆ, ಗುಮಾಸ್ತರು ಗೊಂದಲಕ್ಕೆ ಬೀಳುವುದಿಲ್ಲ. ‘ದಿವ್ಯಾಂಗ’ ನನಗೆ ಒಗ್ಗಿಲ್ಲ. ಪ್ರಧಾನಿಯವರು 2015ರ ಡಿಸೆಂಬರ್‌ನಲ್ಲಿ ‘ಮನ್ ಕಿ ಬಾತ್’ನಲ್ಲಿ ಅದನ್ನು ಸೂಚಿಸಿದಾಗಲೇ ಅಂಗವಿಕಲರ ಸಂಘಟನೆಗಳಿಂದ ವಿರೋಧ ಬಂದಿತ್ತು. 2019ರಲ್ಲಿ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಸಮಿತಿಯೂ ಆ ಪದದ ಬಗ್ಗೆ ಕಳವಳ ವ್ಯಕ್ತಪಡಿಸಿತು. ನನ್ನ ಎಡಗಾಲಿನಲ್ಲಿ ದಿವ್ಯವಾದದ್ದೇನೂ ಇಲ್ಲ, ಮಳೆಗಾಲದಲ್ಲಿ ನೋಯುತ್ತದೆ ಅಷ್ಟೆ. ಆದರೆ ಯಾರಾದರೂ ತಮ್ಮನ್ನು ಹಾಗೆ ಕರೆದುಕೊಳ್ಳಲು ಬಯಸಿದರೆ ಅದು ಅವರ ಇಷ್ಟ, ನಾನು ತಿದ್ದಲು ಹೋಗುವುದಿಲ್ಲ.

ನನಗೆ ಚುಚ್ಚುವುದು ನಾಮಪದಗಳಲ್ಲ, ಸರ್ವನಾಮ ಮತ್ತು ಕ್ರಿಯಾಪದ. ವೇದಿಕೆಯಲ್ಲಿ ‘ವಿಶೇಷಚೇತನ ಬಂಧುಗಳೇ’ ಎಂದು ಕೈಮುಗಿದವರು ಕೆಳಗಿಳಿದು ಬಂದು, ನರೆತ ತಲೆಯ ನನ್ನನ್ನು ‘ಏನಪ್ಪಾ, ಊಟ ಮಾಡಿದೆಯಾ?’ ಎನ್ನುತ್ತಾರೆ. ಪಕ್ಕದಲ್ಲಿ ನಿಂತ, ನನಗಿಂತ ಹದಿನೈದು ವರ್ಷ ಚಿಕ್ಕವನಾದ ನನ್ನ ತಮ್ಮನಿಗೆ ಮಾತ್ರ ‘ನೀವು’, ‘ಸಾರ್’. ಇನ್ನು ಕೆಲವರು ನನ್ನನ್ನು ಕೇಳುವುದೂ ಇಲ್ಲ. ‘ಇವನಿಗೆ ಕಾಫಿ ಕೊಡಬಹುದೇ?’ ಎಂದು ತಮ್ಮನ ಕಡೆ ತಿರುಗುತ್ತಾರೆ. ಪೋಲಿಯೊ ನಾಲಿಗೆಗೆ ಬಂದದ್ದಲ್ಲ. ನಮ್ಮ ಭಾಷೆಯಲ್ಲಿ ಗೌರವ ಕೂತಿರುವುದು ‘ಬಂದ’ ಮತ್ತು ‘ಬಂದರು’ಗಳ ನಡುವಿನ ಅಂತರದಲ್ಲಿ. ಬಹುವಚನ ತಪ್ಪಿದರೆ, ಎಷ್ಟೇ ಹೊಳಪಿನ ಹೆಸರಿಟ್ಟರೂ ಪ್ರಯೋಜನವಿಲ್ಲ. ಮಾತಿಗೆ ಮೊದಲು ‘ಪಾಪ’ ಸೇರಿಸುವವರಿಗೂ ಇದೇ ಮಾತು.

ಪತ್ರಕರ್ತರಿಗೆ ನಾನು ಕೇಳುವ ಮರುಪ್ರಶ್ನೆ: ಅಂಗವೈಕಲ್ಯವನ್ನು ಹೇಳುವ ಅಗತ್ಯವಿದೆಯೇ? ಹಾಸನದಲ್ಲಿ ಹುಟ್ಟಿದ ಐಎಎಸ್ ಅಧಿಕಾರಿ ಸುಹಾಸ್ ಯತಿರಾಜ್ ಟೋಕಿಯೊ ಮತ್ತು ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ಗಳ ಬ್ಯಾಡ್ಮಿಂಟನ್‌ನಲ್ಲಿ ಬೆಳ್ಳಿ ಗೆದ್ದರು. ಅವರು ಕಾಲಿನ ವೈಕಲ್ಯವಿದ್ದು ನಿಂತು ಆಡುವವರ ಎಸ್‌ಎಲ್4 ವಿಭಾಗದಲ್ಲಿ ಆಡಿದರು ಎಂದು ಹೇಳದೆ ಆ ಸುದ್ದಿ ಪೂರ್ಣವಾಗುವುದಿಲ್ಲ. ಅದೇ ಸುಹಾಸ್ ಜಿಲ್ಲಾಧಿಕಾರಿಯಾಗಿ ಸಭೆ ನಡೆಸಿದ ಸುದ್ದಿಯಲ್ಲಿ ಅವರ ಕಾಲಿಗೇನು ಕೆಲಸ? ‘ವೈಕಲ್ಯ ಮೆಟ್ಟಿ ನಿಂತ’ ಎಂಬ ಶೀರ್ಷಿಕೆಯಂತೂ ಸಾಕಾಗಿದೆ. ಎರಡನೇ ಮಹಡಿಯ ಕಚೇರಿಗೆ ಲಿಫ್ಟ್ ಇಲ್ಲದಿದ್ದರೆ ನಾನು ಏನನ್ನು ಮೆಟ್ಟಿ ನಿಲ್ಲಬೇಕು? ಲಿಫ್ಟ್ ಇಲ್ಲದ್ದನ್ನೇ ಬರೆಯಿರಿ.

ಅಗತ್ಯವಿದ್ದಾಗ ನೇರವಾಗಿ, ಖಚಿತವಾಗಿ ಹೇಳಿದರಾಯಿತು. ಅಂಗವಿಕಲರ ಹಕ್ಕುಗಳಿಗಾಗಿ ಬಂದ 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, 2016ರ ಕಾಯ್ದೆಯಲ್ಲಿ 21 ಇವೆ. ಹಿಮೋಫಿಲಿಯಾ ಇರುವವರು, ಆಸಿಡ್ ದಾಳಿಗೆ ಒಳಗಾದವರು, ಕುಷ್ಠರೋಗದಿಂದ ಗುಣವಾದವರು ಎಲ್ಲರೂ ಅದರಲ್ಲಿದ್ದಾರೆ. ಇವರೆಲ್ಲರಿಗೂ ಒಂದೇ ಸವಿನುಡಿ ಅಂಟಿಸಿದರೆ ಓದುಗನಿಗೆ ಏನೂ ತಿಳಿಯದು. ‘ಗಾಲಿಕುರ್ಚಿ ಬಳಸುತ್ತಾರೆ’, ‘ಕಣ್ಣು ಕಾಣುವುದಿಲ್ಲ’ ಎನ್ನುವುದರಲ್ಲಿ ಅವಮಾನವಿಲ್ಲ. ‘ಕಿವುಡ-ಮೂಗ’ ಎಂದು ಜೋಡಿ ಕಟ್ಟುವುದು ಮಾತ್ರ ತಪ್ಪು. ಕಿವಿ ಕೇಳದವರಲ್ಲಿ ಹೆಚ್ಚಿನವರಿಗೆ ಧ್ವನಿಯಿದೆ, ಬಹಳ ಜನರಿಗೆ ಸನ್ನೆಯ ಭಾಷೆಯೂ ಇದೆ. ಆ ಭಾಷೆಯವರಲ್ಲಿ ಅನೇಕರಿಗೆ ‘ಶ್ರವಣದೋಷವುಳ್ಳವರು’ ಎನ್ನುವುದಕ್ಕಿಂತ ‘ಕಿವುಡರು’ ಎನ್ನುವುದೇ ಮೆಚ್ಚು, ಏಕೆಂದರೆ ತಮ್ಮಲ್ಲಿ ದೋಷವಿದೆ ಎಂದು ಅವರು ಒಪ್ಪುವುದಿಲ್ಲ.

ಗಾದೆ, ನುಡಿಗಟ್ಟುಗಳನ್ನೆಲ್ಲ ಸೋಸಬೇಕೇ ಎಂದೂ ಕೇಳುತ್ತಾರೆ. ‘ಕುಂಟುನೆಪ’ ಕೇಳಿದರೆ ಕುಂಟುವ ನನಗೇನೂ ಅನ್ನಿಸುವುದಿಲ್ಲ. ‘ಸರ್ಕಾರದ ಜಾಣ ಕಿವುಡು’ ಎಂಬುದು ಮಾತ್ರ ಹಿಡಿಸುವುದಿಲ್ಲ. ನಿಜವಾಗಿ ಕಿವಿ ಕೇಳದವರನ್ನೂ ‘ನಾಟಕ ಮಾಡುತ್ತಾನೆ’ ಎಂದು ಜನ ಅನುಮಾನಿಸುವುದುಂಟಲ್ಲ. ಬೇರೆಯವರಿಗೆ ಬೇರೆ ಅನ್ನಿಸಬಹುದು. ಹತ್ತು ಜನರೆದುರು ಬೇಕೆಂದೇ ಹೀಯಾಳಿಸುವುದು ಬೇರೆಯೇ ವಿಷಯ. ಅದಕ್ಕೆ 2016ರ ಕಾಯ್ದೆಯ 92ನೇ ಸೆಕ್ಷನ್‌ನಲ್ಲಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಇದೆ.

ಮಕ್ಕಳ ಬಗ್ಗೆಯೂ ಹೇಳಿಬಿಡುತ್ತೇನೆ. ‘ಮಾಮ, ನಿಮ್ಮ ಕಾಲಿಗೆ ಏನಾಗಿದೆ?’ ಎಂದು ಮಗು ಕೇಳಿದರೆ ಗದರಬೇಡಿ. ಮಗು ‘ನಿಮ್ಮ’ ಎಂದಿದೆ, ನನ್ನನ್ನೇ ಕೇಳಿದೆ. ಉತ್ತರ ನಾನು ಕೊಡುತ್ತೇನೆ.