ಯಾಶಿಕಾ ಎಲೆಕ್ಟ್ರೋ 35: ‘ಟಕ್’ ಸದ್ದು ವಾಪಸ್ ಬಂತು

ನನ್ನ ಹಳೆಯ ಫಿಲ್ಮ್ ಕ್ಯಾಮೆರಾ, ಯಾಶಿಕಾ ಎಲೆಕ್ಟ್ರೋ 35ರ ಜಿಎಸ್‌ಎನ್ ಮಾಡೆಲ್, ಈಗ ಕೆಲಸ ಮಾಡುತ್ತಿದೆ! ಇದೇ ಕ್ಯಾಮೆರಾ ಇಟ್ಟುಕೊಂಡವರಿಗೆ ಉಪಯೋಗಕ್ಕೆ ಬಂದೀತು ಅಂತ ಇಲ್ಲಿಯವರೆಗಿನ ರಿಪೇರಿ ಬರೆದಿಡುತ್ತಿದ್ದೇನೆ.

ಮೊದಲು ಬ್ಯಾಟರಿ. 1973ರಲ್ಲಿ ಈ ಮಾಡೆಲ್ ಬಂದಾಗ 5.6 ವೋಲ್ಟಿನ ಪಾದರಸದ ಬ್ಯಾಟರಿ ಹಾಕುತ್ತಿದ್ದರು. ಅದನ್ನು ಈಗ ತಯಾರಿಸುವುದಿಲ್ಲ. ಬದಲಿಗೆ 6 ವೋಲ್ಟಿನ 4ಎಲ್‌ಆರ್44 ಹಾಕಿದೆ. ಅದು ಸಣ್ಣದು, ಗೂಡಿನಲ್ಲಿ ಅಲ್ಲಾಡುತ್ತದೆ. ಸುತ್ತ ರಟ್ಟು ಸುತ್ತಿ, ಉಳಿದ ಜಾಗಕ್ಕೆ ಒಂದು ಸ್ಪ್ರಿಂಗ್ ಇಟ್ಟೆ. ಕ್ಯಾಮೆರಾದ ಹಿಂಬದಿಯಲ್ಲಿರುವ ಬ್ಯಾಟರಿ ಪರೀಕ್ಷೆಯ ಬಟನ್ ಒತ್ತಿದರೆ ಫ್ರೇಮ್ ನಂಬರಿನ ಕಿಂಡಿಯಲ್ಲಿ ಹಸಿರು ದೀಪ ಹೊತ್ತಿತು.

ಆದರೆ ಅಸಲಿ ಕಾಯಿಲೆ ಒಳಗಿತ್ತು. ಎಲೆಕ್ಟ್ರೋ 35ರಲ್ಲಿ ಒಂದು ಪುಟ್ಟ ರಬ್ಬರ್ ಪ್ಯಾಡ್ ಇದೆ. ಫಿಲ್ಮ್ ಮುಂದೆ ಸರಿಸುವ ಲಿವರ್ ಎಳೆದಾಗ ಕೊನೆಯಲ್ಲಿ ‘ಟಕ್’ ಅಂತ ಸದ್ದು ಬಂದರೆ ಅದು ನೆಟ್ಟಗಿದೆ ಅಂತ ಲೆಕ್ಕ. ಸದ್ದು ಇಲ್ಲದಿದ್ದರೆ ಅದು ಸವೆದು ಪುಡಿಯಾಗಿರುತ್ತದೆ, ಆಗ ಎಕ್ಸ್‌ಪೋಶರ್ (ಫಿಲ್ಮ್ ಮೇಲೆ ಬೀಳುವ ಬೆಳಕಿನ ಪ್ರಮಾಣ) ನಂಬೋ ಹಾಗಿಲ್ಲ. ನನ್ನದರಲ್ಲಿ ಪ್ಯಾಡ್ ಕರಗಿ ಕಾಕಂಬಿಯ ಹಾಗೆ ಅಂಟಿಕೊಂಡಿತ್ತು. ಹಲ್ಲುಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ ನಿಧಾನಕ್ಕೆ ಒರೆಸಿದೆ. ಆ ಜಾಗಕ್ಕೆ ಗಟ್ಟಿ ರಬ್ಬರಿನ ಚೂರು ಕತ್ತರಿಸಿ ಅಂಟಿಸಿದೆ. ಅಂಟು ಪೂರ್ತಿ ಒಣಗಿದ ಮೇಲೆ ಲಿವರ್ ಎಳೆದರೆ, ಟಕ್! ಅದನ್ನು ಕೇಳಿ ಎಷ್ಟು ಖುಷಿಯಾಯಿತು ಅಂದರೆ ಸುಮ್ನೆ ಎಳೆದು ಎಳೆದು ಕ್ಲಿಕ್ ಮಾಡುತ್ತಾ ಕೂತಿದ್ದೆ.

ಫಿಲ್ಮ್ ಹಾಕದೆಯೂ ಪರೀಕ್ಷೆ ಮಾಡಬಹುದು. ಈ ಕ್ಯಾಮೆರಾದಲ್ಲಿ ನಾವು ಅಪರ್ಚರ್ (ಲೆನ್ಸಿನ ಕಿಂಡಿ ಎಷ್ಟು ಅಗಲ ಅನ್ನೋದು) ಇಟ್ಟರೆ ಸಾಕು, ಶಟರ್ ಎಷ್ಟು ಹೊತ್ತು ತೆರೆಯಬೇಕು ಅಂತ ಅದೇ ತೀರ್ಮಾನಿಸುತ್ತದೆ. ಬೆಳಕು ಅಳೆಯುವ ಕಿಂಡಿ ವ್ಯೂಫೈಂಡರ್ ಪಕ್ಕದಲ್ಲೇ ಇದೆ. ಅದನ್ನು ಬೆರಳಿಂದ ಮುಚ್ಚಿ ಶಟರ್ ಬಟನ್ ಅರ್ಧ ಒತ್ತಿದರೆ ಹಳದಿ ದೀಪ ಬರಬೇಕು, ಅಂದರೆ ಶಟರ್ ವೇಗ 1/30 ಸೆಕೆಂಡಿಗಿಂತ ನಿಧಾನ. ಬಂತು. ಪೂರ್ತಿ ಒತ್ತಿದೆ, ಶಟರ್ ತೆರೆದೇ ಇತ್ತು. ಬೆರಳು ತೆಗೆದ ಕೂಡಲೇ ಮುಚ್ಚಿಕೊಂಡಿತು. 1/500 ಸೆಕೆಂಡಿನ ವೇಗವೂ ಸಾಲದಷ್ಟು ಜೋರು ಬಿಸಿಲಿದ್ದರೆ ಕೆಂಪು ದೀಪ. ಅದೂ ಸರಿಯಿದೆ.

ಒಳಗೆ ಬೆಳಕು ನುಗ್ಗದಂತೆ ತಡೆಯುವ ಹಿಂಬಾಗಿಲಿನ ಫೋಮ್ ಬದಲಾಯಿಸಿದ್ದೂ ಆಯಿತು, ಅದೇನು ದೊಡ್ಡ ಕೆಲಸವಲ್ಲ.

ಬಾಕಿ ಇರುವುದು ರೇಂಜ್‌ಫೈಂಡರ್, ಅಂದರೆ ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವ ವ್ಯವಸ್ಥೆ. ದೂರದ ನೀರಿನ ಟ್ಯಾಂಕ್ ನೋಡಿದರೆ ಎರಡು ಬಿಂಬಗಳು ಅಡ್ಡಕ್ಕೆ ಸರಿಯಾಗಿ ಕೂಡುತ್ತವೆ, ಆದರೆ ಒಂದು ಕೂದಲೆಳೆಯಷ್ಟು ಮೇಲಿರುತ್ತದೆ. ಫೋಕಸ್‌ಗೆ ಮುಖ್ಯ ಅಡ್ಡಕ್ಕೆ ಕೂಡುವುದು ತಾನೇ? ಹಾಗಾಗಿ ಸದ್ಯ ಮುಟ್ಟಿಲ್ಲ.

200 ಐಎಸ್‌ಒ ರೋಲ್ ಹಾಕಿದ್ದೇನೆ. 45 ಎಂಎಂ ಲೆನ್ಸನ್ನು ಎಫ್ 1.7ರಲ್ಲಿ, ಅಂದರೆ ಅಪರ್ಚರ್ ಪೂರ್ತಿ ತೆರೆದು, 0.8 ಮೀಟರ್ ಹತ್ತಿರದಿಂದ ಒಂದಷ್ಟು ತೆಗೆದೆ; ಹೀಗೆ ತೆಗೆದರೆ ಫೋಕಸ್ ಚೂರು ತಪ್ಪಿದರೂ ಕಾಣುತ್ತದೆ. ಡೆವಲಪ್ ಆಗಿ ಬಂದಮೇಲೆ ಮೊದಲು ನೋಡುವುದು ಅವನ್ನೇ. ಫೋಕಸ್ ನಿಜಕ್ಕೂ ಸರಿಯಿದೆಯಾ ಅಂತ ಅದರಲ್ಲೇ ಗೊತ್ತಾಗುವುದು.