ಕಲಬುರಗಿಯ ಸಂಸಾರದಲ್ಲಿ ಜಾಝ್ ಮತ್ತು ಸೋಲ್

ನಮ್ಮ ಸಿನಿಮಾ ಹಾಡುಗಳಲ್ಲಿ ಪ್ರೀತಿ ಸಾಮಾನ್ಯವಾಗಿ ತಾಳಿ ಕಟ್ಟುವವರೆಗೆ ಮಾತ್ರ ಬಾಳುತ್ತದೆ. ನೋಟ, ಕನಸು, ವಿರಹ, ಮಳೆ ಎಲ್ಲವೂ ಅಷ್ಟರೊಳಗೇ ಮುಗಿದುಹೋಗುತ್ತವೆ. ಇಬ್ಬರೂ ದುಡಿದು ದಣಿದು ಮನೆ ಸೇರಿದ ಸಂಜೆಗೆ, ಸಿಲಿಂಡರ್ ಮುಗಿದ ಹೊತ್ತಿನ ಸಿಟ್ಟಿಗೆ, ಜಗಳವಾದ ಮೇಲೂ ಇಬ್ಬರಿಗೂ ಸೇರಿಸಿಯೇ ಇಡುವ ಚಹಾಕ್ಕೆ ಹಾಡುಗಳಿಲ್ಲ. ಕೆ.ಎಸ್. ನರಸಿಂಹಸ್ವಾಮಿಯವರು ಇದಕ್ಕೆ ದೊಡ್ಡ ಅಪವಾದ, ಒಪ್ಪುತ್ತೇನೆ. ಆದರೆ ಅವರ ಕವಿತೆಗಳ ಮೈಸೂರು ಸೀಮೆಯ ತಂಪು ನಮ್ಮ ಕಲಬುರಗಿಯ ಮೇ ತಿಂಗಳಿಗೆ ಅಷ್ಟಾಗಿ ಹೊಂದುವುದಿಲ್ಲ. ಅಮೆರಿಕದ ಕಪ್ಪು ಜನರ ಸೋಲ್ ಸಂಗೀತ ನನಗೆ ಆಪ್ತವಾದದ್ದು ಅದು ಬೆಳೆದವರ ಪ್ರೀತಿಯನ್ನು, ಎಂದರೆ ಬಾಡಿಗೆ ಕಟ್ಟುವ, ಮುನಿಸಿಕೊಳ್ಳುವ, ಮರ್ಯಾದೆ ಕೇಳುವ ಪ್ರೀತಿಯನ್ನು ಹಾಡುತ್ತದೆ ಎಂಬ ಕಾರಣಕ್ಕೆ.

ಮರ್ಯಾದೆಯ ಮಾತು ಬಂದದ್ದರಿಂದ ‘ರೆಸ್ಪೆಕ್ಟ್’ ಹಾಡಿನ ಕಥೆ ಹೇಳಲೇಬೇಕು. ಓಟಿಸ್ ರೆಡಿಂಗ್ 1965ರಲ್ಲಿ ಅದನ್ನು ಬರೆದು ಹಾಡಿದಾಗ, ದುಡಿದು ಮನೆಗೆ ಬರುವ ಗಂಡಸು ಹೆಂಡತಿಯಿಂದ ಮರ್ಯಾದೆ ಬೇಡುವ ಹಾಡಾಗಿತ್ತು. 1967ರಲ್ಲಿ ಅರೀಥಾ ಫ್ರಾಂಕ್ಲಿನ್ ಅದೇ ಹಾಡನ್ನು ಹೆಣ್ಣಿನ ಬಾಯಿಗೆ ತಂದು, ತನ್ನ ಕೈಯಲ್ಲೂ ದುಡ್ಡಿದೆ, ತನಗೂ ಮರ್ಯಾದೆ ಸಲ್ಲಬೇಕು ಎಂದು ತಿರುಗಿಸಿದರು. ಆ ಪದದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹಾಡುವ ಭಾಗವೂ ಅವರೇ ಸೇರಿಸಿದ್ದು. ಹಿಂದಿನಿಂದ ದನಿಗೂಡಿಸಿದವರು ಅವರ ಅಕ್ಕ ಎರ್ಮಾ ಮತ್ತು ತಂಗಿ ಕ್ಯಾರೊಲಿನ್. ಹಾಡು ಬರೆದವನ ಕೈಯಿಂದ ಅದನ್ನು ಇಷ್ಟು ಪೂರ್ತಿಯಾಗಿ ಕಸಿದುಕೊಂಡ ಉದಾಹರಣೆ ನನಗೆ ಬೇರೆ ನೆನಪಾಗುವುದಿಲ್ಲ. ನಮ್ಮ ಅಡುಗೆಮನೆಯಿಂದ ಈ ಹಾಡು ಗಟ್ಟಿಯಾಗಿ ಕೇಳಿಬಂದರೆ ನಾನು ಒಪ್ಪಿಕೊಂಡ ಯಾವುದೋ ಕೆಲಸ ಬಾಕಿ ಉಳಿದಿದೆ ಎಂದೇ ತಿಳಿಯಬೇಕು.

ಸೋಲ್ ಹುಟ್ಟಿದ್ದು ಚರ್ಚಿನ ಹಾಡುಗಾರಿಕೆಯ ಮಡಿಲಲ್ಲಿ. ರೇ ಚಾರ್ಲ್ಸ್ 1954ರಲ್ಲಿ ಕ್ರಿಸ್ತನನ್ನು ಸ್ತುತಿಸುವ ಒಂದು ಗಾಸ್ಪೆಲ್ ಹಾಡಿನ ಧಾಟಿಯನ್ನು ಎತ್ತಿಕೊಂಡು ಅಲ್ಲಿ ತನ್ನ ಪ್ರಿಯತಮೆಯನ್ನು ತಂದು ಕೂರಿಸಿದಾಗ, ಭಕ್ತಿಯನ್ನು ಬೀದಿಗೆ ತಂದನೆಂದು ಬೇಸರಪಟ್ಟವರಿದ್ದರು. ನಮ್ಮ ಕಡೆಯವರಿಗೆ ಈ ಬೇಸರ ಅರ್ಥವಾಗುವುದು ಕಷ್ಟ. ‘ಶರಣ ಸತಿ, ಲಿಂಗ ಪತಿ’ ಎಂಬ ಮಾತನ್ನು ಕೇಳಿ ಬೆಳೆದವರು ನಾವು. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನೇ ಗಂಡನೆಂದು ಕರೆದಳು, ಖ್ವಾಜಾ ಬಂದೇ ನವಾಜರ ದರ್ಗಾದ ಉರುಸಿನಲ್ಲಿ ಕವ್ವಾಲರು ಹಾಡುವ ಪ್ರಿಯತಮ ದೇವರೋ ಮನುಷ್ಯನೋ ಎಂದು ಯಾರೂ ಎದ್ದು ನಿಂತು ಕೇಳುವುದಿಲ್ಲ. ಪ್ರಿಯರಿಗೆ ಆಡುವ ಮಾತು ಇಲ್ಲಿ ದೇವರಿಗೆ ಸಂದಿದೆ, ಅಲ್ಲಿ ದೇವರಿಗೆ ಎತ್ತಿದ ದನಿ ಮನೆಯ ಬಾಗಿಲಿಗೆ ಬಂದಿದೆ. ಹೀಗಾಗಿ ಕೋಪ, ಬೇಡಿಕೆ, ಮೋಹ ಯಾವುದನ್ನು ಹಾಡಿದರೂ ಸೋಲ್ ಗಾಯಕರ ಕಂಠದಲ್ಲಿ ಪ್ರಾರ್ಥನೆಯ ಎಳೆಯೊಂದು ಉಳಿದೇ ಇರುತ್ತದೆ.

ಶ್ರಾವಣದಲ್ಲಿ ನಮ್ಮ ಓಣಿಯ ಗುಡಿಯಲ್ಲಿ ಭಜನೆ ನಡೆಯುತ್ತದೆ. ನಮ್ಮ ಜಿಲ್ಲೆಯವರೇ ಆದ ಕಡಕೋಳ ಮಡಿವಾಳಪ್ಪನವರ ತತ್ವಪದದ ಒಂದು ಸಾಲನ್ನು ಹಾರ್ಮೋನಿಯಂ ಹಿಡಿದವರು ಎತ್ತಿದರೆ, ದಮ್ಮಡಿ, ತಾಳ ಹಿಡಿದ ಉಳಿದವರು ಅದನ್ನು ಹಿಂದಿನಿಂದ ಎತ್ತಿಕೊಂಡು ಮರಳಿ ಒಪ್ಪಿಸುತ್ತಾರೆ. ಕರೆದದ್ದಕ್ಕೆ ಓಗೊಡುವ ಇದೇ ಕ್ರಮ ಕಪ್ಪು ಜನರ ಚರ್ಚುಗಳಿಂದ ಸೋಲ್ ಸಂಗೀತಕ್ಕೂ ಜಾಝಿಗೂ ಇಳಿದಿದೆ. ವ್ಯತ್ಯಾಸವಿರುವುದು ಚಪ್ಪಾಳೆಯಲ್ಲಿ. ನಾಲ್ಕು ಮಾತ್ರೆಯ ಆವರ್ತದಲ್ಲಿ ಅವರ ಚಪ್ಪಾಳೆ ಎರಡನೆಯ ಮತ್ತು ನಾಲ್ಕನೆಯ ಮಾತ್ರೆಗೆ ಬೀಳುತ್ತದೆ. ಭಜನಾ ಮೇಳದಲ್ಲಿ ಹಾಡುವ ನನ್ನ ತಂದೆ ಅರೀಥಾಳ ಹಾಡಿಗೂ ಸಮದ ಮೇಲೆಯೇ, ಎಂದರೆ ಮೊದಲ ಮಾತ್ರೆಗೇ, ಚಪ್ಪಾಳೆ ಹಾಕುತ್ತಾರೆ, ಮಗಳು ‘ಅಜ್ಜ, ಅಲ್ಲಲ್ಲ’ ಎಂದು ಅವರ ಕೈ ಹಿಡಿದು ನಿಲ್ಲಿಸುತ್ತಾಳೆ, ಅವರು ನಕ್ಕು ಮತ್ತೆ ಸಮಕ್ಕೇ ಹೋಗುತ್ತಾರೆ.

ಜಾಝಿನ ಉಪಕಾರ ಬೇರೆ ಬಗೆಯದು, ಅದು ಕೇಳುವುದನ್ನು ಕಲಿಸುತ್ತದೆ. ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ 1959ರ ಮಾರ್ಚ್ ಮತ್ತು ಏಪ್ರಿಲ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ‘ಕೈಂಡ್ ಆಫ್ ಬ್ಲೂ’ ಆಲ್ಬಮ್ ಧ್ವನಿಮುದ್ರಿಸಿದಾಗ ಸಂಗಡಿಗರಿಗೆ ಕೊಟ್ಟದ್ದು ಬಹುಮಟ್ಟಿಗೆ ಸ್ವರಗಳ ಹೊರರೇಖೆಯನ್ನಷ್ಟೆ. ಕಾರ್ಡುಗಳು, ಎಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು, ಕ್ಷಣಕ್ಷಣಕ್ಕೂ ಬದಲಾಗುವ ಅಂದಿನ ರೂಢಿಯನ್ನು ಬಿಟ್ಟು, ಒಂದೇ ಸ್ವರಶ್ರೇಣಿಯಲ್ಲಿ ಬಹಳ ಹೊತ್ತು ತಂಗುವ ಅವಕಾಶ ಅದರಲ್ಲಿದೆ. ಹಿಂದೂಸ್ತಾನಿ ಕೇಳಿದ ಕಿವಿಗೆ ಈ ಬಾಗಿಲು ಸುಲಭವಾಗಿ ತೆರೆಯುತ್ತದೆ. ಆದರೆ ನಾನು ಅದನ್ನು ಮತ್ತೆ ಮತ್ತೆ ಹಾಕುವುದು ಹಿಂದೆ ಪಿಯಾನೊ ನುಡಿಸುವ ಬಿಲ್ ಇವಾನ್ಸ್‌ಗಾಗಿ. ಡೇವಿಸ್ ಟ್ರಂಪೆಟ್ ಊದುವಾಗ ಇವಾನ್ಸ್ ಸುಮ್ಮನೆ ಕೂರುವುದೂ ಇಲ್ಲ, ನಡುವೆ ಬಾಯಿ ಹಾಕುವುದೂ ಇಲ್ಲ. ಕಥೆ ಹೇಳುವ ಅಜ್ಜಿಗೆ ಹೂಂಗುಟ್ಟುವ ಮೊಮ್ಮಗನ ಹಾಗೆ, ಡೇವಿಸ್‌ನ ಉಸಿರಿನ ಎಡೆಯಲ್ಲಿ ಎರಡು ಸ್ವರ ಇಟ್ಟು ಹಿಂದೆ ಸರಿಯುತ್ತಾರೆ. ಹೆಂಡತಿ ಆಫೀಸಿನ ತಕರಾರು ಹೇಳುವಾಗ ಮೊದಲ ಮಾತಿಗೇ ಪರಿಹಾರ ಸೂಚಿಸುವ ಗಂಡಂದಿರು ಈ ಪಿಯಾನೊ ಕೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಿಧಾನಗತಿಯ ಭಾಗಗಳಲ್ಲಿ ಡ್ರಮ್ಮಿನ ಮೇಲೆ ತಂತಿಯ ಬ್ರಷ್ ಸರಿದಾಡುವ ಸರಸರ ಸದ್ದು, ಒಳಗೆ ಪರಾತದಲ್ಲಿ ಜೋಳದ ಹಿಟ್ಟು ನಾದುವ ಸದ್ದಿನೊಂದಿಗೆ ಬೆರೆತು ಎರಡನ್ನೂ ಬೇರ್ಪಡಿಸಲಾಗದ ಸಂಜೆಗಳಿವೆ. ರೊಟ್ಟಿ ಬಡಿಯಲು ಶುರುವಾದರೆ ಮಾತ್ರ ಡೇವಿಸ್ ಸೋಲುತ್ತಾನೆ.

ಪಂಚಮಿಗೆ ಪತ್ನಿ ಹುಮನಾಬಾದಿನ ತವರಿಗೆ ಹೋದಾಗ ನನ್ನ ಜೊತೆಗಿರುವವನು ಸೋಲ್ ಗಾಯಕ ಬಿಲ್ ವಿದರ್ಸ್. 1971ರಲ್ಲಿ ಮೊದಲ ಆಲ್ಬಮ್ ಹೊರಬರುವ ಹೊತ್ತಿಗೆ ಆತ ವಿಮಾನಗಳಿಗೆ ಶೌಚಾಲಯ ತಯಾರಿಸುವ ಕಾರ್ಖಾನೆಯ ಕೆಲಸಗಾರನಾಗಿದ್ದ. ಮನೆಯವಳು ಇಲ್ಲದ ಮನೆಯಲ್ಲಿ ಬಿಸಿಲಿಲ್ಲ ಎನ್ನುವ ಅವನ ಹಾಡಿನ ನಡುವೆ ‘ನನಗೆ ಗೊತ್ತು’ ಎಂಬ ಒಂದೇ ಮಾತು ಇಪ್ಪತ್ತಾರು ಸಲ ಬರುತ್ತದೆ. ಅಲ್ಲಿ ಬೇರೆ ಸಾಲುಗಳನ್ನು ಬರೆಯಬೇಕೆಂದಿದ್ದವನಿಗೆ ಸ್ಟುಡಿಯೊದಲ್ಲಿದ್ದ ಸಂಗೀತಗಾರರು ಹಾಗೆಯೇ ಬಿಡು ಎಂದರಂತೆ. ಕಲಬುರಗಿಯಲ್ಲಿ ಬಿಸಿಲಿಗೆ ಬರವಿಲ್ಲವಾದ್ದರಿಂದ ಉಪಮೆ ಇಲ್ಲಿ ಕೊಂಚ ಎಡವುತ್ತದೆ, ಆದರೂ ಆ ಇಪ್ಪತ್ತಾರು ಸಲ ಸುಳ್ಳೆನಿಸುವುದಿಲ್ಲ.

ಹೊಸದಾಗಿ ಕೇಳಬಯಸುವವರು ಎಲ್ಲಿಂದ ಆರಂಭಿಸಬೇಕೆಂದು ಕೇಳಿದರೆ, ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡದೊಂದಿಗೆ 1983ರಲ್ಲಿ ಹೊರತಂದ ‘ಜ್ಯೋತಿ’ ಆಲ್ಬಮ್ಮನ್ನು ಸೂಚಿಸುತ್ತೇನೆ. ಆರ್.ಎ. ರಮಾಮಣಿಯವರ ಕಂಠವೂ ಟಿ.ಎ.ಎಸ್. ಮಣಿಯವರ ಮೃದಂಗವೂ ಅಲ್ಲಿ ಪರಿಚಿತರಂತೆ ಕೈಹಿಡಿದು ಕರೆದೊಯ್ಯುತ್ತವೆ. ನನ್ನ ತಂದೆ ಪೂರ್ತಿ ಕೂತು ಕೇಳಿದ ಜಾಝ್ ಅದೊಂದೇ. ಪತ್ನಿಯ ಷರತ್ತು ಇನ್ನೂ ಇತ್ಯರ್ಥವಾಗಿಲ್ಲ: ಯಾವ ಹಾಡಿನಲ್ಲೇ ಆಗಲಿ, ಉದ್ದದ ಡ್ರಮ್ ಸೋಲೊ ಬಂದರೆ ಮುಂದಕ್ಕೆ ದಾಟಿಸಬೇಕು ಎನ್ನುತ್ತಾಳೆ, ನಾನು ಒಪ್ಪುತ್ತಿಲ್ಲ.