ಜೋಶುವಾ ಟ್ರೀಯ ಬಂಡೆಗಳು ಮತ್ತು ಕೆಳಗೆ ನಿಲ್ಲುವ ಗೆಳೆಯರು

ಲಾಸ್ ಏಂಜಲೀಸ್‌ನಿಂದ ಪೂರ್ವಕ್ಕೆ ಕಾರಿನಲ್ಲಿ ಎರಡೂವರೆ ತಾಸಿನಷ್ಟು ದೂರದಲ್ಲಿರುವ ಜೋಶುವಾ ಟ್ರೀ ರಾಷ್ಟ್ರೀಯ ಉದ್ಯಾನಕ್ಕೆ ನಾವು ಕೆಲವು ಗೆಳೆಯರು ಚಳಿಗಾಲದಲ್ಲಿ ಬೌಲ್ಡರಿಂಗ್‌ಗಾಗಿ ಹೋಗುತ್ತೇವೆ. ಹಗ್ಗದ ನೆರವಿಲ್ಲದೆ, ಬಿದ್ದರೆ ಕೆಳಗೆ ಹಾಸಿದ ದಪ್ಪ ಫೋಮಿನ ಕ್ರ್ಯಾಶ್ ಪ್ಯಾಡ್‌ಗಳನ್ನೇ ನಂಬಿ, ಹೆಚ್ಚು ಎತ್ತರವಿಲ್ಲದ ಬಂಡೆಗಳನ್ನು ಹತ್ತುವುದಕ್ಕೆ ಬೌಲ್ಡರಿಂಗ್ ಎನ್ನುತ್ತಾರೆ. ನಗರದ ಜಿಮ್‌ಗಳಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ಹಿಡಿಗಳ ಮೇಲೆ ಇದನ್ನು ಕಲಿತವರು ಇಲ್ಲಿಗೆ ಬಂದ ಮೊದಲ ದಿನ ತಬ್ಬಿಬ್ಬಾಗುತ್ತಾರೆ, ಏಕೆಂದರೆ ಇಲ್ಲಿನ ಅನೇಕ ಬಂಡೆಗಳಲ್ಲಿ ಕೈಗೆ ಸಿಗುವಂಥದ್ದು ಏನೂ ಇರುವುದಿಲ್ಲ. ಕಾಲನ್ನು ನಂಬಿ ನಿಲ್ಲಬೇಕಾಗುತ್ತದೆ.

ಈ ಗುಣ ಕಲ್ಲಿನ ಹುಟ್ಟಿನಿಂದಲೇ ಬಂದದ್ದು. ಸುಮಾರು 10 ಕೋಟಿ ವರ್ಷಗಳ ಹಿಂದೆ ನೆಲದ ಆಳದಲ್ಲಿ ಶಿಲಾರಸ ನಿಧಾನವಾಗಿ ತಣಿದದ್ದರಿಂದ ಇಲ್ಲಿನ ಗ್ರಾನೈಟಿನಲ್ಲಿ ಹರಳುಗಳು ದೊಡ್ಡದಾಗಿ ಬೆಳೆದವು. ಮೇಲಿನ ಹೊರೆ ಸವೆದಂತೆ ಕಲ್ಲಿನಲ್ಲಿ ಅಡ್ಡಕ್ಕೂ ಉದ್ದಕ್ಕೂ ಸೀಳುಗಳು ಮೂಡಿದವು. ಅವುಗಳಲ್ಲಿ ಇಳಿದ ನೀರು ಮೂಲೆಗಳನ್ನು ಮೊದಲು ಕರಗಿಸಿ ಚೌಕದ ತುಂಡುಗಳನ್ನು ಗುಂಡಾಗಿಸಿತು. ಮುಂದೆ ಹವೆ ಒಣಗಿ ಸುತ್ತಲಿನ ಮಣ್ಣು ಕೊಚ್ಚಿಹೋದಾಗ ಗುಂಡುಗಳ ರಾಶಿ ಹೊರಬಿದ್ದಿತು. ನಮ್ಮ ಗುಂಪಿನಲ್ಲಿರುವ ಗಂಗಾವತಿ ಕಡೆಯ ಗೆಳೆಯರಿಗೆ ಈ ನೋಟ ಹೊಸದೇನಲ್ಲ. ಹಂಪಿ, ಆನೆಗೊಂದಿಯ ಗುಂಡುಗಳೂ ಇದೇ ಬಗೆಯಲ್ಲಿ ರೂಪುಗೊಂಡವು, ಆದರೆ ಅಲ್ಲಿನ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸಾಗಿದೆ.

ದೊಡ್ಡ ಹರಳುಗಳು ಶೂವಿನ ರಬ್ಬರನ್ನು ಬಿಗಿಯಾಗಿ ಕಚ್ಚಿ ಹಿಡಿಯುತ್ತವೆ, ಅಷ್ಟೇ ಬೇಗ ಬೆರಳಿನ ಚರ್ಮವನ್ನು ಸವೆಸಿಬಿಡುತ್ತವೆ. ಎರಡನೆಯ ದಿನದ ಮಧ್ಯಾಹ್ನಕ್ಕೆ ತೋಳಿನ ಶಕ್ತಿ ಉಳಿದಿದ್ದರೂ ಬೆರಳಿನ ತುದಿಯಲ್ಲಿ ಚರ್ಮ ಉಳಿದಿರುವುದಿಲ್ಲ. ಆದ್ದರಿಂದ ಬೆಳಗಿನ ತಂಪಿನಲ್ಲಿ, ಬೆವರು ಕಡಿಮೆ ಇರುವಾಗ, ಕಷ್ಟದ ಬಂಡೆಗಳನ್ನು ಮುಗಿಸಿಕೊಳ್ಳುವುದು ಜಾಣತನ. ಹಿಡನ್ ವ್ಯಾಲಿಯ ಬಳಿ ಸ್ಟೆಮ್ ಜೆಮ್ ಎಂಬ ಹೆಸರಾಂತ ಬಂಡೆಯೊಂದಿದೆ. ತೆರೆದಿಟ್ಟ ಪುಸ್ತಕದಂತಿರುವ ಅದರ ಎರಡು ನುಣುಪು ಮುಖಗಳಿಗೆ ಒಂದೊಂದು ಪಾದವನ್ನು ಒತ್ತಿ, ಅಂಗೈಗಳನ್ನು ಗೋಡೆಗೆ ತಳ್ಳಿಕೊಂಡು, ಮೈಯ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬೆರಳಿನಷ್ಟೇ ಸರಿಸುತ್ತ ಏರಬೇಕು. ತೋಳಿನ ಬಲವನ್ನೇ ನೆಚ್ಚಿದವರಿಗೆ ಅಲ್ಲಿ ಏನೂ ನಡೆಯುವುದಿಲ್ಲ.

ಹೀಗೆ ಕಾಲನ್ನು ನಂಬುವ ಧೈರ್ಯ ಬರುವುದು ಕೆಳಗೆ ನಿಂತ ಗೆಳೆಯರಿಂದ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕೆಳಗೆ ನಿಂತು ಕಾಯುವ ಸ್ಪಾಟಿಂಗ್ ಕೆಲಸವನ್ನು ಬೀಳುವವರನ್ನು ಕೈಯಲ್ಲಿ ಹಿಡಿಯುವುದೆಂದು ಹಲವರು ತಿಳಿದಿದ್ದಾರೆ. ಬೀಳುವ ದೇಹವನ್ನು ಯಾರೂ ಹಿಡಿಯಲಾರರು. ಸೊಂಟಕ್ಕೆ ಕೈಕೊಟ್ಟು ದಿಕ್ಕು ತಿರುಗಿಸಿ, ಕಾಲುಗಳು ಪ್ಯಾಡಿನ ಮೇಲೆ ಇಳಿಯುವಂತೆಯೂ ತಲೆ ಕಲ್ಲಿಗೆ ಬಡಿಯದಂತೆಯೂ ನೋಡಿಕೊಳ್ಳುವುದಷ್ಟೇ ಸಾಧ್ಯ. ಅದಕ್ಕಾಗಿ ಕಣ್ಣು ಹತ್ತುವವರ ಸೊಂಟದ ಮೇಲಿರಬೇಕು, ಹೆಬ್ಬೆರಳುಗಳು ಅಂಗೈಗೆ ಅಂಟಿಕೊಂಡಿರಬೇಕು, ಇಲ್ಲವಾದರೆ ಉಳುಕುವುದು ಕಾಯುವವರ ಬೆರಳೇ. ಎರಡು ಪ್ಯಾಡ್‌ಗಳ ನಡುವಿನ ಸಂದಿಗೆ ಪಾದ ಸಿಕ್ಕರೆ ಕಣಕಾಲು ಮುರಿಯಬಹುದು, ಹಾಗಾಗಿ ಹತ್ತುವವರು ಪಕ್ಕಕ್ಕೆ ಸರಿದಂತೆ ಪ್ಯಾಡನ್ನೂ ಸರಿಸುತ್ತಿರಬೇಕು. ಬಹುಪಾಲು ಕಡೆ ಮೊಬೈಲ್ ಸಿಗ್ನಲ್ ಕೂಡ ಇಲ್ಲದ ಮರುಭೂಮಿಯಲ್ಲಿ ಈ ಎಚ್ಚರಕ್ಕೆ ದುಪ್ಪಟ್ಟು ಬೆಲೆ. ಇಳಿಯುವ ದಾರಿಯನ್ನು ಹತ್ತುವ ಮುನ್ನವೇ ನೋಡಿಟ್ಟುಕೊಳ್ಳಬೇಕೆಂದು ನಾನು ಹೊಸಬರಿಗೆ ಒತ್ತಿ ಹೇಳುತ್ತೇನೆ. ಗುಂಡುಬಂಡೆಯ ನೆತ್ತಿಯಿಂದ ಇಳಿಯುವುದು ಎಷ್ಟೋ ಕಡೆ ಹತ್ತುವುದಕ್ಕಿಂತ ಕಠಿಣ.

ಉದ್ಯಾನದ ಒಳಭಾಗದ ಶಿಬಿರಗಳಲ್ಲಿ ಕುಡಿಯುವ ನೀರು ಸಿಗುವುದಿಲ್ಲ. ತಲೆಗೆ ದಿನಕ್ಕೆ ಕನಿಷ್ಠ 4 ಲೀಟರ್‌ನಂತೆ ಊರಿನಿಂದಲೇ ತುಂಬಿಸಿಕೊಂಡು ಹೋಗಬೇಕು. ಹಗಲು ಬಿಸಿಲಿದ್ದರೂ ಚಳಿಗಾಲದ ರಾತ್ರಿಗಳಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಇರುತ್ತದೆ. ಹವೆ ಬೆಚ್ಚಗಾಗುವ ದಿನಗಳಲ್ಲಿ ಮರುಭೂಮಿಯ ಆಮೆಗಳು ನೆರಳಿಗಾಗಿ ಕಾರಿನ ಕೆಳಗೆ ಸೇರಿಕೊಳ್ಳುವುದುಂಟು, ಆದ್ದರಿಂದ ಹೊರಡುವ ಮುಂಚೆ ಬಗ್ಗಿ ನೋಡುವುದು ನಮ್ಮೆಲ್ಲರ ಕರ್ತವ್ಯ. ಹತ್ತಿ ಮುಗಿಸಿದ ಮೇಲೆ, ಕೈ ಜಾರದಿರಲೆಂದು ಹಚ್ಚಿಕೊಂಡ ಚಾಕ್ ಪುಡಿ ಬಂಡೆಯ ಮೇಲೆ ಬಿಟ್ಟ ಗುರುತುಗಳನ್ನು ಬ್ರಷ್‌ನಿಂದ ಉಜ್ಜಿ ತೆಗೆಯುತ್ತೇವೆ. ಪ್ರಾಚೀನ ಚಿತ್ರಗಳಿರುವ ಬಂಡೆಗಳ ಹತ್ತಿರವೂ ಸುಳಿಯುವುದಿಲ್ಲ.

ಈ ವಿಷಯದಲ್ಲಿ ಟೆಕ್ಸಾಸ್‌ನ ಹ್ಯುಯೆಕೊ ಟ್ಯಾಂಕ್ಸ್ ಎಂಬ ಬಂಡೆಬೆಟ್ಟಗಳ ಉದ್ಯಾನ ಇನ್ನೂ ಕಟ್ಟುನಿಟ್ಟು. ಬೌಲ್ಡರಿಂಗ್‌ನ ಕಷ್ಟವನ್ನು ಅಳೆಯಲು ಇಂದು ಅಮೆರಿಕದಲ್ಲೆಲ್ಲ ಬಳಸುವ ವಿ-ಶ್ರೇಣಿಯನ್ನು ಜಾನ್ ಶೆರ್ಮನ್ ರೂಪಿಸಿದ್ದು ಅಲ್ಲಿಯೇ. ಆದರೆ ಆ ಬೆಟ್ಟಗಳಲ್ಲಿ ಸಾವಿರಾರು ಪ್ರಾಚೀನ ಚಿತ್ರಗಳಿರುವುದರಿಂದ ಒಳಗೆ ಹೋಗುವವರ ಸಂಖ್ಯೆಗೆ ಮಿತಿಯಿದೆ, ಕೆಲವು ಬೆಟ್ಟಗಳಿಗೆ ಮಾರ್ಗದರ್ಶಕರಿಲ್ಲದೆ ಪ್ರವೇಶವೇ ಇಲ್ಲ. ಈ ಮಿತಿಯನ್ನು ಕೆಲವರು ದೂರುತ್ತಾರೆ, ನಾನು ಅದನ್ನು ಮನಸಾರೆ ಒಪ್ಪುತ್ತೇನೆ. ಮುಂದಿನ ಚಳಿಗಾಲಕ್ಕೆ ನಾವು ಅಲ್ಲಿಗೆ ಹೋಗುವ ಆಲೋಚನೆಯಲ್ಲಿದ್ದೇವೆ, ಹೊರಡುವ ದಿನ ಪ್ರವೇಶದ ಅನುಮತಿ ಸಿಕ್ಕ ಮೇಲೆಯೇ ತೀರ್ಮಾನವಾಗುತ್ತದೆ.